ಕಾರಿಗೆ ಅಲ್ಯೂಮಿನಿಯಂ ಸ್ಪೋರ್ಟ್ಸ್ ಪೆಡಲ್ ನಾವೇ ಹಾಕಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹಳೇ ಸ್ವಿಫ್ಟ್‌ನ ಬಾಗಿಲು ತೆಗೆದಾಗ ಪಾರ್ಕಿಂಗ್‌ನಲ್ಲಿ ಇರುವವರ ಕಣ್ಣು ಮೊದಲು ಹೋಗುವುದು ಪೆಡಲ್‌ಗೆ ಹಾಕಿರುವ ಲೋಹದ ಹೊದಿಕೆಯ ಮೇಲೆ. ಆಮೇಲೆ ಪ್ರಶ್ನೆ ಶುರು. ಎಲ್ಲಿ ತಗೊಂಡ್ರಿ, ಎಷ್ಟಾಯ್ತು, ನೀವೇ ಹಾಕಿದ್ರಾ? ಒಂದೇ ಉತ್ತರವನ್ನು ಹತ್ತು ಸಲ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ. ಈ ಕೆಲಸವನ್ನು ಎರಡು ಸಲ ಮಾಡಿದ್ದೇನೆ, ಅದರಲ್ಲಿ ಮೊದಲನೇ ಸಲ ಕೆಡಿಸಿಕೊಂಡಿದ್ದೇನೆ.

ಇದನ್ನು ಹಾಕಿದರೆ ಕಾರು ಜೋರಾಗಿ ಓಡುತ್ತಾ?

ಇಲ್ಲ.

ಮೈಲೇಜ್? ಪಿಕಪ್?

ಅದೂ ಇಲ್ಲ. ಅಲ್ಯೂಮಿನಿಯಂ ಉಕ್ಕಿಗಿಂತ ಹಗುರ, ನಿಜ. ಅದೇ ಗಾತ್ರದ ಉಕ್ಕಿನ ಮೂರನೇ ಒಂದು ಭಾಗದಷ್ಟು ತೂಕ. ಆದರೆ ನಾವು ಉಕ್ಕಿನ ಪೆಡಲನ್ನು ತೆಗೆಯುವುದೇ ಇಲ್ಲ, ಅದರ ಮೇಲೆ ಇದನ್ನು ಕೂರಿಸುತ್ತೇವೆ. ಅಂದರೆ ಕಾರಿನ ತೂಕ ಒಂದಿಷ್ಟು ಗ್ರಾಂ ಜಾಸ್ತಿಯೇ ಆಗುತ್ತದೆ.

ಹಾಗಾದ್ರೆ ಯಾಕೆ ಹಾಕಬೇಕು?

ಚೆನ್ನಾಗಿ ಕಾಣುತ್ತದೆ. ನನಗೆ ಇದ್ದ ಕಾರಣ ಅದೊಂದೇ, ಅದನ್ನು ಒಪ್ಪಿಕೊಳ್ಳಲು ಸಂಕೋಚವೂ ಇಲ್ಲ. ಇನ್ನೊಂದು ಕಾರಣ ಕೆಲವರಿಗೆ ಇರಬಹುದು. ಲಕ್ಷ ಕಿಲೋಮೀಟರ್ ಓಡಿದ ಕಾರಿನಲ್ಲಿ ಕ್ಲಚ್ ರಬ್ಬರ್ ಸವೆದು ಬೋಳಾಗಿರುತ್ತದೆ. ಹೇಗೂ ಬದಲಾಯಿಸಬೇಕು, ಒಂದಿಷ್ಟು ಅಂದವಾಗಿರುವುದನ್ನೇ ಹಾಕೋಣ ಅನ್ನಿಸುತ್ತದೆ.

ರೇಸಿನವರ ಕಾರಣ ಬೇರೆ. ತಿರುವಿಗೆ ಮುಂಚೆ ಅವರು ಬಲಗಾಲಿನ ಮುಂಭಾಗದಲ್ಲಿ ಬ್ರೇಕ್ ಒತ್ತಿ ಹಿಡಿದು, ಅದೇ ಪಾದದ ಅಂಚಿನಿಂದ ಆಕ್ಸಿಲರೇಟರನ್ನು ಒಮ್ಮೆ ತಟ್ಟಿ ಗೇರ್ ಇಳಿಸುತ್ತಾರೆ. ಹೀಲ್ ಆಂಡ್ ಟೋ ಅನ್ನುವುದು ಇದಕ್ಕೇ. ಅದಕ್ಕೆ ಎರಡೂ ಪೆಡಲ್ ಎಷ್ಟು ಎತ್ತರದಲ್ಲಿವೆ, ಎಷ್ಟು ಅಂತರದಲ್ಲಿವೆ ಅನ್ನುವುದು ಅವರಿಗೆ ಬಹಳ ಮುಖ್ಯ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ರ‍್ಯಾಲಿ ಓಡಿಸುವವನ ಶೂ ತುಂಬ ಕೆಸರು ಇರುತ್ತದೆ, ಪೆಡಲ್‌ನಲ್ಲಿರುವ ತೂತು, ಹಲ್ಲುಗಳು ಅಲ್ಲಿ ಹಿಡಿತ ಕೊಡುತ್ತವೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಫಸ್ಟ್ ಗೇರ್, ನ್ಯೂಟ್ರಲ್, ಫಸ್ಟ್ ಗೇರ್ ಮಾಡುವ ನಮಗೆ ಅದರ ಉಪಯೋಗ ಅಷ್ಟಕ್ಕಷ್ಟೇ.

ಇಡೀ ಪೆಡಲನ್ನೇ ಬಿಚ್ಚಬೇಕಾ?

ಬೇಡ. ಪೆಡಲ್‌ನ ತೋಳು, ಸ್ಪ್ರಿಂಗ್, ಸ್ವಿಚ್ ಯಾವುದನ್ನೂ ಮುಟ್ಟುವ ಕೆಲಸವಲ್ಲ ಇದು. ಪಾದ ತಾಗುವ ಜಾಗಕ್ಕೆ ಒಂದು ಹೊದಿಕೆ, ಅಷ್ಟೇ. ಬ್ಯಾಟರಿ ಕೇಬಲ್ ಬಿಚ್ಚುವುದೂ ಬೇಕಿಲ್ಲ.

ಎಷ್ಟು ಥರ ಇವೆ? ಯಾವುದು ತಗೊಳ್ಳಲಿ?

ಮೂರು ಥರ ಅಂತ ಇಟ್ಟುಕೊಳ್ಳಿ.

ಮೊದಲನೆಯದು ರಬ್ಬರ್ ಬೆನ್ನಿನದು. ಮುಂದೆ ಲೋಹದ ತಗಡು, ಹಿಂದೆ ರಬ್ಬರಿನ ತುಟಿ. ಕಂಪನಿ ಕೊಟ್ಟ ರಬ್ಬರ್ ತೆಗೆದು ಅದೇ ಜಾಗಕ್ಕೆ ಇದನ್ನು ಎಳೆದು ಕೂರಿಸುವುದು. ಕಾರು ಕಂಪನಿಗಳೇ ತಮ್ಮ ಸ್ಪೋರ್ಟ್ಸ್ ಮಾಡೆಲ್‌ಗಳಿಗೆ ಕೊಡುವುದು ಹೆಚ್ಚಾಗಿ ಈ ಥರದ್ದು. ಅದರಲ್ಲಿ ಸ್ಟೇನ್‌ಲೆಸ್ ಸ್ಟೀಲಿನದೂ ಬಹಳ ಇವೆ, ಜನ ಅದನ್ನೂ ಅಲ್ಯೂಮಿನಿಯಂ ಅಂತಲೇ ಕರೆಯುತ್ತಾರೆ. ಎರಡನೆಯದು ಕ್ಲಾಂಪ್ ಇರುವುದು. ಮುಂದೆ ತಗಡು, ಹಿಂದೆ ಎಲ್ ಆಕಾರದ ಪಟ್ಟಿ, ನಡುವೆ ಬೋಲ್ಟು. ಹಳೇ ರಬ್ಬರಿನ ಮೇಲೇ ಬಿಗಿಯುವುದು. ಡಬ್ಬಿಯ ಮೇಲೆ ಯೂನಿವರ್ಸಲ್ ಅಂತ ಬರೆದಿರುತ್ತದೆ. ಮೂರನೆಯದು ಪೆಡಲ್‌ಗೆ ತೂತು ಕೊರೆದು ಬೋಲ್ಟ್ ಹಾಕುವುದು.

ರಸ್ತೆಯಲ್ಲಿ ಓಡಿಸುವ ಕಾರಿಗೆ ಮೊದಲನೆಯದು ಮಾತ್ರ ತಗೊಳ್ಳಿ, ಅದೂ ನಿಮ್ಮ ಮಾಡೆಲ್‌ಗೆಂದೇ ಮಾಡಿದ್ದು.

ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ. ನಾನು ಮೊದಲು ತಂದದ್ದು ಎರಡನೇ ಥರದ್ದು. ಹಾಕಿ ಸುಮಾರು ಮೂರು ವಾರ ಆಗಿತ್ತು. ಒಂದು ಸಂಜೆ ಬ್ರೇಕ್ ಒತ್ತಿದಾಗ ಪಾದದ ಕೆಳಗೆ ಏನೋ ಹೊರಳಿದ ಹಾಗಾಯಿತು. ಕಾರು ನಿಂತಿತು, ಪುಣ್ಯಕ್ಕೆ ವೇಗ ಇರಲಿಲ್ಲ. ಪಕ್ಕಕ್ಕೆ ಹಾಕಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಬ್ರೇಕಿನ ತಗಡು ಓರೆಯಾಗಿ ತಿರುಗಿ ಅದರ ಮೂಲೆ ಆಕ್ಸಿಲರೇಟರ್ ಕಡೆಗೆ ಚಾಚಿಕೊಂಡಿತ್ತು. ಒಂದು ಬೋಲ್ಟಿನಲ್ಲಿ ನಟ್ಟೇ ಇಲ್ಲ. ಮನೆಗೆ ಬಂದು ಹುಡುಕಿದರೆ ಅದು ಸೀಟಿನ ಹಳಿಯ ಪಕ್ಕ ಸಿಕ್ಕಿತು, ಕಡಲೆಕಾಯಿ ಸಿಪ್ಪೆಯ ಜೊತೆಗೆ.

ಆಮೇಲೆ ಯೋಚನೆ ಮಾಡಿದರೆ ಕಾರಣ ಸರಳ. ಕೆಳಗಿರುವುದು ಮೆತ್ತನೆಯ ರಬ್ಬರ್. ನಾವು ಎಷ್ಟೇ ಬಿಗಿದರೂ ದಿನಕ್ಕೆ ನೂರಾರು ಸಲ ಒತ್ತಿದ ಹಾಗೆ ಅದು ಅಮುಕಿಕೊಂಡು ತೆಳ್ಳಗಾಗುತ್ತದೆ. ಬಿಗಿ ತಾನಾಗಿ ಸಡಿಲವಾಗುತ್ತದೆ. ಕೆಲಸ ಕೆಟ್ಟದಾಗಿ ಮಾಡಿದ್ದರಿಂದ ಆದದ್ದಲ್ಲ, ಆ ವಿನ್ಯಾಸವೇ ಹಾಗೆ.

ನನ್ನ ಕಾರಿಗೆ ಸರಿಹೊಂದುತ್ತಾ ಅಂತ ಮೊದಲೇ ತಿಳಿಯೋದು ಹೇಗೆ?

ಮಾಡೆಲ್ ಹೆಸರು ಒಂದೇ ಸಾಲದು. ಅದೇ ಹೆಸರಿನ ಕಾರು ಮೂರು ನಾಲ್ಕು ಪೀಳಿಗೆ ಬಂದಿರುತ್ತದೆ, ಪೆಡಲ್ ಬದಲಾಗಿರುತ್ತದೆ. ಒಂದು ಬಿಳಿ ಹಾಳೆ ತಗೊಳ್ಳಿ. ಬ್ರೇಕ್, ಕ್ಲಚ್ ರಬ್ಬರ್ ಬಿಚ್ಚಿ ಹಾಳೆಯ ಮೇಲೆ ಇಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯಿರಿ. ರಬ್ಬರ್ ತೆಗೆದಾಗ ಕಾಣುವ ಕಬ್ಬಿಣದ ತಟ್ಟೆಯ ಉದ್ದ, ಅಗಲ, ದಪ್ಪ ಬರೆದುಕೊಳ್ಳಿ. ಆ ಹಾಳೆ ಹಿಡಿದು ಅಂಗಡಿಗೆ ಹೋದರೆ ಅರ್ಧ ಕೆಲಸ ಮುಗಿದ ಹಾಗೆ. ರಬ್ಬರ್ ವಾಪಸ್ ಹಾಕಿಕೊಂಡೇ ಹೋಗಿ ಮತ್ತೆ.

ಹೊರದೇಶದಿಂದ ತರಿಸುವವರು ಇನ್ನೊಂದು ನೋಡಬೇಕು. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಅನ್ನುವ ಸಾಲು ಎಡಗಡೆ ಸ್ಟೀರಿಂಗ್ ಇರುವ ಕಾರಿನಲ್ಲೂ ಬಲಗಡೆಯದರಲ್ಲೂ ಒಂದೇ. ಆದರೆ ಎಡಗಾಲು ಇಡುವ ಫುಟ್‌ರೆಸ್ಟ್ ಜಾಗ, ಕೆಲವು ಕಾರುಗಳಲ್ಲಿ ಆಕ್ಸಿಲರೇಟರಿನ ಆಕಾರವೂ ಬೇರೆ. ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ತಮ್ಮನ ಕೈಲಿ ತರಿಸುವ ಆಸೆ ಇದ್ದರೆ ಬಲಗಡೆ ಸ್ಟೀರಿಂಗ್‌ಗೆ ಆಗುವುದಾ ಅಂತ ಖಚಿತ ಮಾಡಿಕೊಂಡು ತರಿಸಿ.

ಅಸಲಿ ಅಲ್ಯೂಮಿನಿಯಂ ಅಂತ ಗುರುತಿಸೋದು ಹೇಗೆ?

ಜೇಬಿನಲ್ಲಿ ಒಂದು ಫ್ರಿಜ್ ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ. ಗಟ್ಟಿಯಾಗಿ ಅಂಟಿಕೊಂಡರೆ ಅದು ಅಲ್ಯೂಮಿನಿಯಂ ಅಲ್ಲ, ಹೆಚ್ಚಾಗಿ ಬಣ್ಣ ಬಳಿದ ಕಬ್ಬಿಣ, ನಾಳೆ ತುಕ್ಕು ಹಿಡಿಯುವಂಥದ್ದು. ಅಂಟಲಿಲ್ಲ ಅಂದರೆ ಅಲ್ಯೂಮಿನಿಯಂ, ಸ್ಟೇನ್‌ಲೆಸ್, ಇಲ್ಲವೇ ಮಿರುಗು ಬಳಿದ ಪ್ಲಾಸ್ಟಿಕ್ ಇರಬಹುದು. ಪ್ಲಾಸ್ಟಿಕ್ ಆದರೆ ಉಗುರಿನಿಂದ ತಟ್ಟಿದಾಗ ಸದ್ದಿನಲ್ಲೇ ಗೊತ್ತಾಗುತ್ತದೆ.

ಮೋಮೋ, ಸ್ಪಾರ್ಕೋ, ಓಎಂಪಿ ಇಟಲಿಯ ಹೆಸರಾಂತ ಕಂಪನಿಗಳು, ಪೆಡಲ್ ಸೆಟ್ ಮಾಡುತ್ತವೆ. ಆದರೆ ಮುನ್ನೂರು ರೂಪಾಯಿ ತಗಡಿನ ಮೇಲೆ ಆ ಹೆಸರು ಮುದ್ರಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲದ ಕಾಲ ಇದು. ಹೆಸರು ನೋಡಬೇಡಿ. ತಿರುಗಿಸಿ ಬೆನ್ನು ನೋಡಿ. ರಬ್ಬರಿನ ತುಟಿ ಸುತ್ತಲೂ ಒಂದೇ ಸಮ ಇದೆಯಾ, ತಗಡಿನ ಅಂಚು ಬೆರಳಿಗೆ ಚುಚ್ಚುತ್ತಾ, ಮುಂದಿನ ರಬ್ಬರ್ ಗುಬುಟುಗಳು ಹಿಂದಿನ ರಬ್ಬರಿನ ಜೊತೆ ಒಂದೇ ಅಚ್ಚಿನಲ್ಲಿ ಬಂದಿವೆಯಾ ಅಥವಾ ಗಮ್ ಹಾಕಿ ಅಂಟಿಸಿದ್ದಾರಾ. ಗಮ್ ಹಾಕಿದ್ದು ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ.

ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತೆ?

ಜೆ.ಸಿ. ರಸ್ತೆ. ಇನ್ನೆಲ್ಲಿ? ಬಿಡಿ ನಟ್ಟು, ವಾಷರ್, ಅಲೆನ್ ಕೀ ಬೇಕಿದ್ದರೆ ಅಲ್ಲೇ ಹತ್ತಿರ ಎಸ್‌ಜೆಪಿ ರಸ್ತೆ. ಚೌಕಾಸಿ ಬಾರದವರು ಬರುವವರನ್ನು ಕರೆದುಕೊಂಡು ಹೋಗಿ.

ಏನೇನು ಸಾಮಾನು ಬೇಕು?

ರಬ್ಬರ್ ಬೆನ್ನಿನದಕ್ಕೆ ಹೆಚ್ಚೇನೂ ಬೇಡ. ತುದಿ ಮೊಂಡಾದ ಚಪ್ಪಟೆ ಸ್ಕ್ರೂಡ್ರೈವರ್ ಅಥವಾ ಹಳೇ ಚಮಚದ ಹಿಡಿ, ಒಂದು ಬಟ್ಟೆ, ಹೇರ್ ಡ್ರೈಯರ್ ಅಥವಾ ಬಿಸಿನೀರಿನ ಬೋಗುಣಿ, ಕೊರೋನಾ ಕಾಲದಲ್ಲಿ ತಂದು ಉಳಿದಿರುವ, ಗ್ಲಿಸರಿನ್ ಇಲ್ಲದ ನೀರಿನಂಥ ಸ್ಯಾನಿಟೈಸರ್. ಜೆಲ್ ಬೇಡ, ಅದು ಅಂಟು ಉಳಿಸುತ್ತದೆ. ಹಣೆಗೆ ಕಟ್ಟುವ ಟಾರ್ಚ್ ಇದ್ದರೆ ರಾಜಯೋಗ. ಮೊಣಕಾಲಿನ ಕೆಳಗೆ ಒಂದು ಹಳೇ ದಿಂಬು. ಈ ಕೆಲಸದಲ್ಲಿ ಪೆಡಲಿಗಿಂತ ಜಾಸ್ತಿ ನೋಯುವುದು ಬೆನ್ನು.

ಸರಿ, ಹಾಕೋದು ಹೇಗೆ?

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಎಂಜಿನ್ ಆಫ್, ಕೀ ಜೇಬಿನಲ್ಲಿ. ಡ್ರೈವರ್ ಸೀಟನ್ನು ಪೂರ್ತಿ ಹಿಂದೆ ತಳ್ಳಿ. ಮ್ಯಾಟ್ ಹೊರಗೆ ತೆಗೆದಿಡಿ. ಹೊರಗೆ ಮಂಡಿಯೂರಿ ಕುಳಿತು, ತಲೆ ಒಳಗೆ ಹಾಕಿ ಕೆಲಸ ಮಾಡುವುದೇ ಸುಲಭ.

ಕ್ಲಚ್‌ನಿಂದ ಶುರು ಮಾಡಿ, ಅಲ್ಲಿ ಕೈಯಾಡಿಸಲು ಜಾಗ ಜಾಸ್ತಿ. ಹಳೇ ರಬ್ಬರಿನ ಒಂದು ಮೇಲ್ಮೂಲೆಯನ್ನು ಹೆಬ್ಬೆರಳಿನಿಂದ ಮಡಚಿ ಎಳೆಯಿರಿ. ಮೂಲೆ ಒಂದು ಬಿಟ್ಟರೆ ಉಳಿದದ್ದು ಸಲೀಸಾಗಿ ಬರುತ್ತದೆ. ಒಳಗಿನ ತಟ್ಟೆಯ ಮೇಲೆ ವರ್ಷಗಟ್ಟಲೆ ಕೂತ ಮಣ್ಣು, ಎಣ್ಣೆಜಿಡ್ಡು ಇರುತ್ತದೆ. ಸ್ಯಾನಿಟೈಸರ್ ಹಾಕಿದ ಬಟ್ಟೆಯಿಂದ ಮುಂದೆ, ಹಿಂದೆ, ಅಂಚು ಎಲ್ಲ ಒರೆಸಿ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಒರೆಸಿ.

ಈಗ ಹೊಸ ಕವರಿನ ರಬ್ಬರನ್ನು ಹೇರ್ ಡ್ರೈಯರಿನಿಂದ ಒಂದೆರಡು ನಿಮಿಷ ಬಿಸಿ ಮಾಡಿ, ಇಲ್ಲವೇ ಬಿಸಿನೀರಿನಲ್ಲಿ ಅದ್ದಿ ತೆಗೆದು ಚೆನ್ನಾಗಿ ಒರೆಸಿ. ರಬ್ಬರ್ ಚಪಾತಿ ಹಿಟ್ಟಿನಷ್ಟಲ್ಲದಿದ್ದರೂ ಹೇಳಿದ ಮಾತು ಕೇಳುವಷ್ಟು ಮೆತ್ತಗಾಗುತ್ತದೆ. ಕೆಳಗಿನ ಅಂಚನ್ನು ಮೊದಲು ತಟ್ಟೆಗೆ ಸಿಕ್ಕಿಸಿ, ಪಕ್ಕದ ಅಂಚು ಎಳೆದು ಹಾಕಿ, ಕೊನೆಗೆ ಮೇಲಿನ ಎರಡು ಮೂಲೆ. ಕೊನೇ ಮೂಲೆ ಸತಾಯಿಸುತ್ತದೆ. ಅಲ್ಲಿ ಚಮಚದ ಹಿಡಿ ತೂರಿಸಿ, ಶೂ ಹಾಕಿಕೊಳ್ಳುವಾಗ ಹಿಮ್ಮಡಿ ತೂರಿಸುತ್ತೇವಲ್ಲ, ಹಾಗೆ ಜಾರಿಸಿ. ಚೂಪಾದ ಸ್ಕ್ರೂಡ್ರೈವರ್ ಹಾಕಿದರೆ ತುಟಿ ಹರಿಯುತ್ತದೆ. ಹರಿದ ತುಟಿಯ ಕವರನ್ನು ಎಸೆಯಿರಿ, ಫೆವಿಕ್ವಿಕ್ ಹಾಕಿ ಅಡ್ಜಸ್ಟ್ ಮಾಡಬೇಡಿ.

ಕೂತ ಮೇಲೆ ತಟ್ಟೆಯ ಹಿಂದೆ ಬೆರಳು ಹಾಕಿ ಸುತ್ತಲೂ ಸವರಿ. ತುಟಿ ಎಲ್ಲೂ ಒಳಕ್ಕೆ ಮಡಚಿಕೊಂಡಿರಬಾರದು. ಕಣ್ಣಿಗೆ ಇದು ಕಾಣುವುದಿಲ್ಲ, ಬೆರಳಿಗೇ ಗೊತ್ತಾಗಬೇಕು. ನನಗೆ ಬ್ರೇಕ್ ಕವರಿನಲ್ಲಿ ಹೀಗೆ ಅರ್ಧ ಇಂಚು ಮಡಚಿಕೊಂಡಿದ್ದು ಎರಡನೇ ಸಲ ಸವರಿದಾಗ ಸಿಕ್ಕಿತು.

ಮೊದಲ ಸಲಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಅದರಲ್ಲಿ ಹಾಕುವುದಕ್ಕೆ ಅರ್ಧ, ಪರೀಕ್ಷೆಗೆ ಅರ್ಧ.

ಸೋಪು ನೀರು ಹಚ್ಚಿದ್ರೆ ಸುಲಭವಾಗಿ ಕೂರುತ್ತೆ ಅಂತಾರಲ್ಲ?

ಕೂರುತ್ತದೆ. ಅಷ್ಟೇ ಸುಲಭವಾಗಿ ಎದ್ದೂ ಬರುತ್ತದೆ. 2024ರ ಏಪ್ರಿಲ್‌ನಲ್ಲಿ ಟೆಸ್ಲಾ ಕಂಪನಿ ಅಮೆರಿಕದಲ್ಲಿ ಸೈಬರ್‌ಟ್ರಕ್ ಅನ್ನುವ ತನ್ನ 3,878 ಎಲೆಕ್ಟ್ರಿಕ್ ಗಾಡಿಗಳನ್ನು ರೀಕಾಲ್ ಮಾಡಿದ್ದು, ಅಂದರೆ ದೋಷ ಸರಿಪಡಿಸಲು ವಾಪಸ್ ಕರೆಸಿದ್ದು, ಇದೇ ಕಾರಣಕ್ಕೆ. ಆಕ್ಸಿಲರೇಟರಿನ ಮೇಲಿನ ಹೊದಿಕೆ ಕೂರಿಸುವುದು ಸಲೀಸಾಗಲಿ ಅಂತ ಜೋಡಣೆಯ ಹೊತ್ತಿನಲ್ಲಿ ಸೋಪು ಬಳಸಿದ್ದರು. ಅದರ ಜಿಡ್ಡು ಒಳಗೆ ಉಳಿಯಿತು. ಜೋರಾಗಿ ಒತ್ತಿದಾಗ ಹೊದಿಕೆ ಮೇಲಕ್ಕೆ ಜಾರಿ ಅಲ್ಲಿನ ಟ್ರಿಮ್‌ಗೆ (ಕಾರಿನ ಒಳಗಿನ ಹೊದಿಕೆಗೆ) ಸಿಕ್ಕಿಕೊಂಡು ಪೆಡಲ್ ಒತ್ತಿದ ಸ್ಥಿತಿಯಲ್ಲೇ ನಿಲ್ಲುವ ಅಪಾಯ ಬಂತು. ಆಮೇಲೆ ರಿವೆಟ್ ಹೊಡೆದು ಸರಿ ಮಾಡಿದರು. ಅಷ್ಟು ದೊಡ್ಡ ಕಾರ್ಖಾನೆಯಲ್ಲೇ ಹೀಗಾದರೆ ನಮ್ಮ ಪಾರ್ಕಿಂಗ್ ಲಾಟಿನ ಕಥೆ ಏನು ಹೇಳಿ. ಸೋಪು, ಕೊಬ್ಬರಿ ಎಣ್ಣೆ, ಗ್ರೀಸ್, ಡ್ಯಾಶ್‌ಬೋರ್ಡ್ ಪಾಲಿಶ್ ಯಾವುದೂ ಬೇಡ. ಬಿಸಿ ಮಾಡಿದರೆ ಸಾಕು. ಅದೂ ಸಾಲದಿದ್ದರೆ ಸ್ಯಾನಿಟೈಸರ್ ಎರಡು ಹನಿ, ಅದು ಆರಿ ಹೋಗುತ್ತದೆ. ಪೂರ್ತಿ ಆರುವವರೆಗೆ ಕಾರು ತೆಗೆಯಬೇಡಿ.

ಕ್ಲಾಂಪ್ ಕಿಟ್ ಈಗಾಗಲೇ ತಗೊಂಡುಬಿಟ್ಟಿದ್ದೀನಿ. ಏನು ಮಾಡಲಿ?

ವಾಪಸ್ ಕೊಡಿ. ಆಗಲ್ಲ ಅಂದರೆ ಫುಟ್‌ರೆಸ್ಟಿಗೆ ಮಾತ್ರ ಹಾಕಿ, ಅಲ್ಲಿ ಕಳಚಿದರೂ ಬ್ರೇಕಿಗೆ ಅಡ್ಡ ಬರದಷ್ಟು ದೂರ ಇದ್ದರೆ.

ಇಷ್ಟು ಹೇಳಿದ ಮೇಲೂ ಪೆಡಲ್‌ಗೇ ಹಾಕುತ್ತೀರಿ ಅಂತ ಗೊತ್ತು, ಯಾಕೆಂದರೆ ನಾನೂ ಹಾಕಿದ್ದೆ. ಹಾಗಾದರೆ ಕಿಟ್ಟಿನ ಜೊತೆ ಬಂದ ಮಾಮೂಲಿ ನಟ್ಟು ಎಸೆದು ನೈಲಾಕ್ ನಟ್ಟು ಹಾಕಿ. ಅದರ ಒಳಗೆ ನೈಲಾನ್ ಬಳೆ ಇರುತ್ತದೆ, ಕಂಪನಕ್ಕೆ ಸುಮ್ನೆ ಬಿಚ್ಚಿಕೊಳ್ಳುವುದಿಲ್ಲ. ಒಮ್ಮೆ ಬಿಚ್ಚಿದರೆ ಮತ್ತೆ ಹೊಸದು ಹಾಕಿ. ಬೋಲ್ಟಿನ ಬಾಲ ಹಿಂದೆ ಉದ್ದ ಚಾಚಿದ್ದರೆ ಕತ್ತರಿಸಿ. ಇಲ್ಲದಿದ್ದರೆ ಕ್ಲಚ್ ತಳ ಮುಟ್ಟುವ ಮೊದಲೇ ಆ ಬಾಲ ಕಾರ್ಪೆಟ್ಟಿಗೆ ತಾಗುತ್ತದೆ, ಕ್ಲಚ್ ಪೂರ್ತಿ ಬಿಡುವುದಿಲ್ಲ, ರಿವರ್ಸ್ ಹಾಕುವಾಗ ಗರ್ ಅನ್ನುತ್ತದೆ. ಜನ ಗೇರ್‌ಬಾಕ್ಸ್ ಹೋಯ್ತು ಅಂತ ಗ್ಯಾರೇಜಿಗೆ ಓಡುತ್ತಾರೆ. ಥ್ರೆಡ್‌ಲಾಕರ್ (ನಟ್ಟು ಸಡಿಲವಾಗದಂತೆ ಹಿಡಿಯುವ ಅಂಟು) ಹನಿ ಹಾಕುವವರು ಪ್ಲಾಸ್ಟಿಕ್ ಭಾಗಕ್ಕೆ ತಾಗದ ಹಾಗೆ ನೋಡಿ, ಅದು ಕೆಲವು ಪ್ಲಾಸ್ಟಿಕ್ಕನ್ನು ಸೀಳಿಸುತ್ತದೆ. ವಾರಕ್ಕೊಮ್ಮೆ ಕೈಯಿಂದ ಅಲುಗಿಸಿ ನೋಡಿ. ಒಂದು ಕೂದಲೆಳೆ ಅಲುಗಿದರೂ ಅವತ್ತೇ ತೆಗೆಯಿರಿ.

ಆಕ್ಸಿಲರೇಟರ್‌ಗೆ ತೂತು ಕೊರೆಯಬಹುದಾ?

ಬೇಡ. ಈಗಿನ ಕಾರುಗಳಲ್ಲಿ ಅದು ಹೆಚ್ಚಾಗಿ ಪ್ಲಾಸ್ಟಿಕ್. ಎಷ್ಟು ಒತ್ತಿದಿರಿ ಅಂತ ಎಂಜಿನ್‌ಗೆ ಹೇಳುವ ಸೆನ್ಸರ್ ಅದರ ಬುಡದಲ್ಲೇ ಇರುತ್ತದೆ. ಹಿಂದಿನಿಂದ ನೋಡಿದರೆ ಜೇನುಗೂಡಿನ ಹಾಗೆ ಟೊಳ್ಳು, ನಡುನಡುವೆ ತೆಳ್ಳನೆ ಪಕ್ಕೆಲುಬು. ಡ್ರಿಲ್ ಆ ಪಕ್ಕೆಲುಬಿಗೆ ಬಿದ್ದರೆ ಅವತ್ತು ಏನೂ ಆಗುವುದಿಲ್ಲ, ಆರು ತಿಂಗಳ ಮೇಲೆ ಬಿರುಕು ಬಿಡುತ್ತದೆ. ಒಡೆದರೆ ಬರೀ ತಟ್ಟೆ ಬದಲಾಯಿಸಲು ಆಗುವುದಿಲ್ಲ, ಸೆನ್ಸರ್ ಸಮೇತ ಇಡೀ ಪೆಡಲ್ ತರಬೇಕು.

ಬ್ರೇಕ್ ಪೆಡಲ್ ಲೋಹದ್ದೇ, ಕೊರೆಯಬಹುದು ಅನ್ನುವವರಿದ್ದಾರೆ. ನಾನು ಕೊರೆಯುವುದಿಲ್ಲ.

ಹಾಕಿ ಆಯ್ತು. ಈಗ ಹೊರಡಬಹುದಾ?

ತಡೀರಿ. ಮೊದಲು ಎಂಜಿನ್ ಆಫ್ ಇರುವಾಗ ಬ್ರೇಕನ್ನು ನಾಲ್ಕೈದು ಸಲ ಒತ್ತಿ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಹೆದರಬೇಡಿ, ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿನಲ್ಲಿದ್ದ ವ್ಯಾಕ್ಯೂಮ್ ಖಾಲಿಯಾಯಿತು ಅಷ್ಟೇ. ಈ ಗಟ್ಟಿ ಪೆಡಲ್ ಮೇಲೆ ಕಾಲಿನ ಪೂರ್ತಿ ಬಲ ಹಾಕಿ, ಎಮರ್ಜೆನ್ಸಿ ಬ್ರೇಕ್ ಹೊಡೆದ ಹಾಗೆ. ಪಾದವನ್ನು ಎಡಕ್ಕೆ ಬಲಕ್ಕೆ ಹೊರಳಿಸಿ. ಕವರ್ ತಿರುಗುತ್ತಾ, ಜಾರುತ್ತಾ ನೋಡಿ. ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿದರೆ ಪೆಡಲ್ ತುಸು ಕೆಳಗೆ ಇಳಿಯಬೇಕು. ಅದು ಬೂಸ್ಟರ್ ಸರಿಯಾಗಿದೆ ಅನ್ನುವುದರ ಗುರುತು.

ಮತ್ತೆ ಆಫ್ ಮಾಡಿ, ಆಕ್ಸಿಲರೇಟರನ್ನು ತಳದವರೆಗೂ ಒತ್ತಿ ಫಟ್ ಅಂತ ಬಿಡಿ. ಹತ್ತು ಸಲ ಮಾಡಿ. ಪ್ರತಿ ಸಲವೂ ತಾನಾಗಿ ಪೂರ್ತಿ ಮೇಲೆ ಬರಬೇಕು. ಆಮೇಲೆ ಮ್ಯಾಟ್ ಹಾಕಿ ಮತ್ತೆ ಹತ್ತು ಸಲ. ಕ್ಲಚ್ಚೂ ಹಾಗೇ.

ಇನ್ನು ಅಂತರ. ಹೊಸ ಕವರ್ ಹಳೇದಕ್ಕಿಂತ ಅಗಲವೂ ದಪ್ಪವೂ ಇರುತ್ತದೆ. ಮನೆಯಲ್ಲಿರುವ ಅತಿ ಅಗಲದ ಶೂ ಹಾಕಿಕೊಂಡು ಬ್ರೇಕ್ ಒತ್ತಿ. ಶೂ ಅಂಚು ಆಕ್ಸಿಲರೇಟರಿಗೆ ತಾಗಿದರೆ ಆ ಸೆಟ್ ನಿಮ್ಮ ಕಾರಿಗಲ್ಲ. ಕೊನೆಗೆ ಕಾರಿನ ಹಿಂಭಾಗ ಗೋಡೆಯ ಕಡೆ ಬರುವಂತೆ ನಿಲ್ಲಿಸಿ ಕತ್ತಲಲ್ಲಿ ನೋಡಿ. ಒತ್ತಿದಾಗ ಗೋಡೆ ಕೆಂಪಾಗಬೇಕು, ಬಿಟ್ಟಾಗ ಆರಬೇಕು. ಆರದಿದ್ದರೆ ಪೆಡಲ್ ಪೂರ್ತಿ ಮೇಲೆ ಬರುತ್ತಿಲ್ಲ, ಏನೋ ತಡೆಯುತ್ತಿದೆ ಅಂತ ಅರ್ಥ.

ಇದೆಲ್ಲ ಆದ ಮೇಲೆ ಮನೆ ಹತ್ತಿರದ ಖಾಲಿ ರಸ್ತೆಯಲ್ಲಿ ಒಂದು ಸುತ್ತು. ಮೊದಲ ದಿನವೇ ಶಿರಾಡಿ ಘಾಟಿ ಇಳಿಯಬೇಡಿ.

7ಡಿ ಮ್ಯಾಟ್ (ನೆಲ ಪೂರ್ತಿ ಮುಚ್ಚುವ ದಪ್ಪ ಮ್ಯಾಟ್) ಇದ್ರೆ ತೊಂದರೆನಾ?

ಆಗಬಹುದು. ದಪ್ಪ ಮ್ಯಾಟು, ದಪ್ಪ ಪೆಡಲು ಎರಡೂ ಸೇರಿದರೆ ನಡುವಿನ ಜಾಗ ಎರಡೂ ಕಡೆಯಿಂದ ಕಡಿಮೆಯಾಗುತ್ತದೆ. 2009ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಲೆಕ್ಸಸ್ ಕಾರಿನ ಆಕ್ಸಿಲರೇಟರ್ ಮ್ಯಾಟಿಗೆ ಸಿಕ್ಕಿಕೊಂಡು ಒಂದೇ ಕುಟುಂಬದ ನಾಲ್ವರು ತೀರಿಕೊಂಡರು. ಆ ಮ್ಯಾಟ್ ಬೇರೆ ಮಾಡೆಲ್‌ನದ್ದು. ಆಮೇಲೆ ಟೊಯೋಟಾ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆಸಿತು. ಅವುಗಳಲ್ಲಿ ಬಹಳಷ್ಟರ ಆಕ್ಸಿಲರೇಟರ್ ಪೆಡಲಿನ ತುದಿಯನ್ನು ಕತ್ತರಿಸಿ ಮೋಟು ಮಾಡಿಕೊಟ್ಟರು. ಮ್ಯಾಟಿಗೂ ಪೆಡಲಿಗೂ ಜಾಗ ಬೇಕು ಅಂತ ಕಂಪನಿ ಪೆಡಲನ್ನೇ ಕತ್ತರಿಸಿತು, ನಾವು ಉದ್ದ ಮಾಡಲು ಹೊರಟಿದ್ದೇವೆ. ಕೆಳಗೆ ಚಾಚಿಕೊಳ್ಳುವ ಆಕ್ಸಿಲರೇಟರ್ ಕವರ್ ತಗೊಳ್ಳಲೇಬೇಡಿ. ಮ್ಯಾಟ್ ಮೇಲೆ ಇನ್ನೊಂದು ಮ್ಯಾಟ್ ಹಾಕುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ.

ಮಳೆಗಾಲದಲ್ಲಿ ಜಾರುತ್ತಾ?

ಬರೀ ಲೋಹ ಇದ್ದರೆ ಜಾರುತ್ತದೆ. ಒದ್ದೆ ಹವಾಯಿ ಚಪ್ಪಲಿ ಇದ್ದರಂತೂ ಎಣ್ಣೆ ಹಚ್ಚಿದ ಹಾಗೆ. ಮುಂದೆ ರಬ್ಬರ್ ಗುಬುಟು ಇರುವುದನ್ನೇ ತಗೊಳ್ಳಿ, ಅವು ಲೋಹಕ್ಕಿಂತ ಎತ್ತರ ಇರಬೇಕು. ಆಗುಂಬೆ, ಮಂಗಳೂರು ಕಡೆಯವರು ಇದನ್ನು ಎರಡು ಸಲ ಓದಿಕೊಳ್ಳಿ. ಕರಾವಳಿಯ ಉಪ್ಪು ಗಾಳಿಗೆ ಅಲ್ಯೂಮಿನಿಯಂ ಮೇಲೆ, ಅದರಲ್ಲೂ ಉಕ್ಕಿನ ಬೋಲ್ಟ್ ತಾಗುವ ಕಡೆ, ಬಿಳಿ ಹಿಟ್ಟಿನ ಹಾಗೆ ಬರುತ್ತದೆ. ಅಲ್ಲಿಗೆ ರಬ್ಬರ್ ಬೆನ್ನಿನ ಸ್ಟೇನ್‌ಲೆಸ್ ವಾಸಿ.

ಬರಿಗಾಲಲ್ಲಿ ಓಡಿಸ್ತೀನಿ, ಪರವಾಗಿಲ್ವಾ?

ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಎರಡು ಗಂಟೆ ನಿಲ್ಲಿಸಿದ ಕಾರಿಗೆ ಬರಿಗಾಲಲ್ಲಿ ಹತ್ತಿ ನೋಡಿ, ನೀವೇ ಉತ್ತರ ಬರೆಯುತ್ತೀರಿ.

ಆಟೋಮ್ಯಾಟಿಕ್ ಕಾರಿಗೆ?

ಎರಡು ಪೆಡಲಿನ ಸೆಟ್ ಬೇರೆ ಬರುತ್ತದೆ, ಅದರ ಬ್ರೇಕ್ ಅಗಲ. ಎಎಂಟಿ (ಕ್ಲಚ್, ಗೇರ್ ಕೆಲಸವನ್ನು ಯಂತ್ರವೇ ಮಾಡುವ ಕಾರು), ಎಲೆಕ್ಟ್ರಿಕ್ ಕಾರಿನವರೂ ಅಳತೆ ನೋಡಿ ಅದನ್ನೇ ತಗೊಳ್ಳಿ. ಮೂರರ ಸೆಟ್ ತಂದು ಕ್ಲಚ್ಚಿನದನ್ನು ಬಿಸಾಡುತ್ತೇನೆ ಅಂದರೆ ಬ್ರೇಕಿನದು ಕೂರುವುದಿಲ್ಲ.

ಆರ್‌ಟಿಒ, ಇನ್ಶೂರೆನ್ಸ್, ವಾರಂಟಿ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸಬಾರದು ಅಂತ. ಪೆಡಲ್ ಹೊದಿಕೆ ಆರ್‌ಸಿಯಲ್ಲಿ ಬರುವ ವಿಷಯವಲ್ಲ. ಬ್ರೇಕ್ ಪೆಡಲ್ ಕೊರೆಯುವುದು, ಬೆಸುಗೆ ಹಾಕುವುದು ಬೇರೆ ಮಾತು. ನಾಳೆ ಅಪಘಾತ ಆಗಿ ಇನ್ಶೂರೆನ್ಸ್ ಸರ್ವೇಯರ್ ಬಂದು ಆ ತೂತು ನೋಡಿದರೆ ವಿವರಣೆ ಕೊಡುವ ಕೆಲಸ ನಿಮ್ಮದು. ವಾರಂಟಿ ಇರುವ ಹೊಸ ಕಾರಾದರೆ ಕಂಪನಿಯ ಅಕ್ಸೆಸರಿ ಪಟ್ಟಿಯಲ್ಲಿ ಇದೆಯಾ ನೋಡಿ, ಇದ್ದರೆ ಬಿಲ್ ಸಮೇತ ಅದನ್ನೇ ತಗೊಳ್ಳಿ. ದುಡ್ಡು ಜಾಸ್ತಿ, ತಲೆನೋವು ಕಡಿಮೆ.

ಮನೆಯಲ್ಲಿ ಬೇರೆಯವರೂ ಓಡಿಸ್ತಾರೆ. ಅಭ್ಯಾಸ ಆಗುತ್ತಾ?

ನನ್ನ ಹೆಂಡತಿಗೆ ಎರಡು ದಿನ ಹಿಡಿಯಿತು. ಕ್ಲಚ್ ಕೆಲವು ಮಿಲಿಮೀಟರ್ ಹತ್ತಿರ ಬಂದಿರುತ್ತದೆ, ಹಳೇ ಲೆಕ್ಕದಲ್ಲಿ ಬಿಟ್ಟರೆ ಕಾರು ಕುಪ್ಪಳಿಸುತ್ತದೆ. ಸೀಟನ್ನು ಒಂದು ಹಲ್ಲು ಹಿಂದೆ ಸರಿಸಿದರೆ ಸರಿಹೋಗುತ್ತದೆ. ಕೀ ಕೊಡುವಾಗ ಹೇಳಿ ಕೊಡಿ. ನಾನು ಹೇಳದೆ ಕೊಟ್ಟು, ಬೇಸ್‌ಮೆಂಟಿನ ಏರಿನಲ್ಲಿ ಮೂರು ಸಲ ಆಫ್ ಆಗಿ, ಹಿಂದೆ ನಿಂತವರೆಲ್ಲ ಹಾರ್ನ್ ಹೊಡೆದು, ಮನೆಗೆ ಬಂದ ಮೇಲೆ ನನಗೆ ಆದದ್ದನ್ನು ಇಲ್ಲಿ ಬರೆಯುವುದಿಲ್ಲ.

ಹಳೇ ರಬ್ಬರ್ ಎಸೆಯಬಹುದಾ?

ಎಸೆಯಬೇಡಿ. ತೊಳೆದು ಒಂದು ಕವರಿನಲ್ಲಿ ಹಾಕಿ ಡಿಕ್ಕಿಯಲ್ಲಿ, ಜಾಕ್ ಇಡುವ ಜಾಗದಲ್ಲಿ ಇಟ್ಟಿರಿ. ದಾರಿಯಲ್ಲಿ ಹೊಸದು ಕೈಕೊಟ್ಟರೆ ಐದು ನಿಮಿಷದಲ್ಲಿ ಹಾಕಿಕೊಂಡು ಮನೆ ಸೇರಬಹುದು. ಕ್ಲಾಂಪ್ ತಗಡು ತಿರುಗಿದ ಆ ಸಂಜೆ ನನ್ನ ಹಳೇ ರಬ್ಬರ್ ಅದರ ಕೆಳಗೆ ಪೆಡಲ್ ಮೇಲೇ ಇತ್ತು.